ನೆಲಕ್ಕೆ ಕುಳಿತ ಗಾಡಿ

ನಮ್ಮ ಭಾವ ಧರ್ಮಣ್ಣನವರು ಬಣ್ಣ ಬಳಿದ ಟ್ರಕ್ಕುಗಳು ಈಗಲೂ ಸೊಲ್ಲಾಪುರದ ರಸ್ತೆಯಲ್ಲಿ ಓಡುತ್ತಿರಬೇಕು. ಹಿಂದಿನ ಹಲಗೆಯ ಮೇಲೆ ಆಕಳು ಕರು, ಎರಡೂ ಬದಿಗೆ ಕಮಲ, ಕ್ಯಾಬಿನ್ನಿನ ಹಣೆಯ ಮೇಲೆ ಮಾಲೀಕನ ಮನೆದೇವರ ಹೆಸರು. ದೇಹೂ ರೋಡಿನ ಹತ್ತಿರ ಟ್ರಕ್ಕಿನ ಬಾಡಿ ಕಟ್ಟುವ ಅಂಗಳದಲ್ಲಿ ಅವರು ಮೀಸೆ ಮೂಡುವ ಮೊದಲೇ ಕುಂಚ ಹಿಡಿದವರು. ಟ್ರಕ್ಕಿನ ಉದ್ದಕ್ಕೂ ಪಟ್ಟಿ ಎಳೆಯಬೇಕಾದಾಗ ಉಳಿದ ಪೇಂಟರುಗಳು ದಾರ ಕಟ್ಟಿ ಗುರುತು ಮಾಡಿಕೊಳ್ಳುತ್ತಿದ್ದರಂತೆ. ಭಾವ ಮಾತ್ರ ಕುಂಚವನ್ನು ಎದೆಯ ಸಮಕ್ಕೆ ಹಿಡಿದು, ಉಸಿರು ಕಟ್ಟಿ, ಗಾಡಿಯ ಮೂತಿಯಿಂದ ಬಾಲದವರೆಗೆ ಸುಮ್ಮನೆ ನಡೆದುಬಿಡುತ್ತಿದ್ದರು. ಗೆರೆ ಎಳೆಯುವುದು ಕಾಲಿನ ಕೆಲಸ, ಕೈ ಬರೀ ಜೊತೆಗೆ ಹೋಗುತ್ತದೆ ಎಂದು ಅವರ ಲೆಕ್ಕ.

ಆ ಕಾಲೇ ಹೋಯಿತು. ಎಪ್ಪತ್ತೆಂಟರ ಮಳೆಗಾಲದಲ್ಲಿ ಕ್ಯಾಬಿನ್ನಿನ ಹಣೆ ಬರೆಯಲು ಹಲಗೆ ಏರಿದವರು, ಹಸಿ ಹಲಗೆಯ ಮೇಲೆ ಜಾರಿ ಬಿದ್ದರು. ಸೊಂಟದ ಎಲುಬು ಸೊಟ್ಟಗೆ ಕೂಡಿಕೊಂಡಿತು. ಕೋಲು ಹಿಡಿದು ಕುಂಟುತ್ತ ನಡೆಯಬಲ್ಲರು, ಆದರೆ ಹೆಜ್ಜೆ ಹೆಜ್ಜೆಗೂ ಮೈ ಒಂದು ಬದಿಗೆ ಬೀಳುತ್ತದೆ. ಹಾಗೆ ನಡೆಯುವವರ ಕೈಯಲ್ಲಿ ಯಾರು ಕುಂಚ ಕೊಟ್ಟಾರು?

ದಾಪೋಡಿಯಲ್ಲಿ ನಮ್ಮದು ಒಂದೇ ಖೋಲಿ, ಅದರಲ್ಲೇ ಒಂದು ಮೂಲೆಗೆ ಅಡಿಗೆ. ನಮ್ಮ ಮನೆಯವರು, ಈರಣ್ಣ ಅಂತ ಅವರ ಹೆಸರು, ಪಿಂಪ್ರಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಅತ್ತೆ ಕಲ್ಲವ್ವ, ಮದುವೆಯಾಗದ ಭಾವ, ನಾನು, ಆಗಿನ್ನೂ ಅಂಬೆಗಾಲಿಡುತ್ತಿದ್ದ ನನ್ನ ಮಗಳು ಅಕ್ಕು. ಹುಟ್ಟಿದಾಗಿನಿಂದ ಅಕ್ಕುವಿನ ಎದೆ ಸರಿಯಿಲ್ಲ. ಧೂಳು, ಹೊಗೆ, ಘಾಟು ಯಾವುದೂ ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಸೊಲ್ಲಾಪುರದಲ್ಲಿ ಮೆಟ್ರಿಕ್ ಮುಗಿಸಿದವಳು. ಪೇಪರಿನಲ್ಲಿ ಯಾವ ರೋಗದ ಸುದ್ದಿ ಓದಿದರೂ ಅದು ನನ್ನ ಮಗಳಿಗೆ ಬಂದೇಬಿಟ್ಟಿದೆ ಎಂದು ನನಗೆ ಅನಿಸುತ್ತಿತ್ತು. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು ನನಗೊಂದು ಚಟವೇ ಆಗಿತ್ತು.

ಒಂದು ಸಂಜೆ ಭಾವ ಚಹಾಕ್ಕೆ ಬರಲಿಲ್ಲ. ಅತ್ತೆ ನನ್ನನ್ನು ಕಳಿಸಿದರು. ಅಕ್ಕುವನ್ನು ಎತ್ತಿಕೊಂಡು ಹುಡುಕುತ್ತ ಹೋದರೆ ಮುಳಾ ನದಿಯ ಸೇತುವೆಯ ಮೇಲೆ ನಿಂತಿದ್ದರು. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಕಟ್ಟೆಯ ಮೇಲಿಟ್ಟು, ಬಗ್ಗಿ ಕೆಳಗೆ ನೋಡುತ್ತಿದ್ದರು. ಅಕ್ಕು ಕೆಮ್ಮಿದಳು, ಅದಕ್ಕೆ ತಿರುಗಿದರು.

"ಹೊಳ್ಯಾಗ ನೀರು ಎಷ್ಟು ಬಂದಾವ ನೋಡಾಕ ಬಂದಿದ್ನವ್ವಾ" ಎಂದರು.

ಆ ವರ್ಷ ಹೊಳೆಯಲ್ಲಿ ನೋಡುವಂಥ ನೀರೇನೂ ಇರಲಿಲ್ಲ. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಭಾವ ಹೊರಗೆ ಹೋದರೆ ನನ್ನ ಕಿವಿ ಬಾಗಿಲಲ್ಲೇ ಇರುತ್ತಿತ್ತು. ಈ ಮನುಷ್ಯನಿಗೆ ಕೆಲಸ ಸಿಗದಿದ್ದರೆ ನಾವು ಇವರನ್ನು ಕಳೆದುಕೊಳ್ಳುತ್ತೇವೆ ಎಂಬುದು ನನಗೆ ಖಾತ್ರಿಯಾಗಿತ್ತು.

ಮರುವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕಾಶಪ್ಪ ಬಂದ. ಅವನು ಕ್ಯಾಂಪ್ ಎಂಬ ಪೇಟೆಯಲ್ಲಿ ಸೋರಾಬ್ ಶೇಠ್ ಎಂಬ ಪಾರ್ಸಿಯವರ ಗ್ಯಾರೇಜಿನಲ್ಲಿ ಮಿಸ್ತ್ರಿ. ಶೇಠರ ಹತ್ತಿರ ತಂದೆಯ ಕಾಲದ ಒಂದು ಹಳೆಯ ಕಾರಿದೆಯಂತೆ. ಅಮೆರಿಕದಲ್ಲಿ ಹುಡುಗರು ಹಳೆಯ ಕಾರುಗಳನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಮೂತಿಯಿಂದ ಬೆಂಕಿಯ ಜ್ವಾಲೆ ಎದ್ದಂತೆ ಬಣ್ಣ ಹಾಕಿ ಓಡಿಸುತ್ತಾರಂತೆ. ಶೇಠರಿಗೂ ಹಾಗೇ ಮಾಡಿಸಬೇಕು. ಒಬ್ಬ ಪೇಂಟರ್ ಬೇಕು, ಇರಲಿಕ್ಕೆ ಗ್ಯಾರೇಜಿನ ಹಿಂದೆ ಖೋಲಿಯೂ ಇದೆ. ಆದರೆ ದೊಡ್ಡ ಕಾರಿಗೆ ಕೈ ಹಚ್ಚುವ ಮೊದಲು ಸಣ್ಣದರ ಮೇಲೆ ಮಾಡಿ ತೋರಿಸಬೇಕು. ಕಾಶಪ್ಪ ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದ. ಶೇಠರ ತಂಗಿ ಅಮೆರಿಕದಿಂದ ಕಳಿಸಿದ್ದು. ಒಳಗೆ ಪ್ಲಾಸ್ಟಿಕ್ಕಿನ ಕಾರು, ಬಿಡಿಬಿಡಿ ತುಂಡು. ಜೋಡಿಸಿದರೆ ಒಂದು ಗೇಣು ಉದ್ದವಾಗುತ್ತದೆ. ದಸರೆಯ ದಿನ ತಂದು ತೋರಿಸಬೇಕು, ಶೇಠರು ಹೊಸ ಆಳನ್ನು ಆ ದಿನವೇ ತೆಗೆದುಕೊಳ್ಳುವುದು.

ಡಬ್ಬಿಯಲ್ಲಿದ್ದ ಇಂಗ್ಲಿಷ್ ಕಾಗದವನ್ನು ನಾನೇ ಓದಿದೆ. ಓದಿದೆ ಅಷ್ಟೇ, ಒಂದು ಅಕ್ಷರದ ಉಪಯೋಗವಾಗಲಿಲ್ಲ. ಭಾವ ಅದರಲ್ಲಿನ ಚಿತ್ರಗಳನ್ನು ನೋಡಿ ಜೋಡಿಸಿಕೊಂಡರು. ಕಾರು ಎಷ್ಟು ಕೆಳಗಿರಬೇಕು ಎಂದು ಕಾಶಪ್ಪ ಕೈಯಿಂದ ತೋರಿಸಿ ಹೋಗಿದ್ದ. ಭಾವನಿಗೆ ಅದೇ ನಂಬಿಕೆ ಬರಲಿಲ್ಲ.

"ಪಾಟಾ ಮುರದ ಗಾಡಿ ಹಂಗ ಕಾಣ್ತದಲ್ಲೊ ಈರಣ್ಣಾ" ಎಂದು ತಮ್ಮನಿಗೆ ಅಂದರು. "ಇಷ್ಟು ವರ್ಷ ಗಾಡಿ ಕುಂತ್ರ ಮಾಲಕ ಅಳ್ತಿದ್ದ. ಇಂವ ಕೂಡ್ಸು ಅಂತಾನ."

ಟ್ರಕ್ಕಿನ ಲೋಕದಲ್ಲಿ ಗಾಡಿ ಎತ್ತರ ನಿಂತಷ್ಟೂ ಒಳ್ಳೆಯದು. ಹೆಚ್ಚು ಹೇರಬೇಕೆಂದು ಸ್ಪ್ರಿಂಗಿನ ಪಾಟಾದ ಮೇಲೆ ಪಾಟಾ ಸೇರಿಸಿ ಎತ್ತರಿಸುತ್ತಾರೆ. ಭಾವ ಉಲ್ಟಾ ಕೆಲಸ ಮಾಡಬೇಕಾಗಿತ್ತು. ನಮ್ಮ ಸ್ಟೋವಿನ ಪಿನ್ನು ಕಾಯಿಸಿ, ಚಕ್ರದ ಸಲಾಕೆ ಕೂಡುವ ಜಾಗವನ್ನು ಚೂರುಚೂರೇ ಮೇಲಕ್ಕೆ ಕೊರೆದರು. ಮುಂದಿನ ಚಕ್ರ ಮಡ್ಗಾರ್ಡಿನೊಳಗೆ ಮುಚ್ಚಿಕೊಂಡಿತು. ಮೂತಿ ನೆಲಕ್ಕೆ ಮುತ್ತಿಡುವಷ್ಟು ಬಂದು ನಿಂತಿತು. ಅದರ ಕೆಳಗೆ ಒಂದು ಬೆಂಕಿಕಡ್ಡಿ ತೂರಿಸಿ ನೋಡಿ ಭಾವ ತಲೆ ಆಡಿಸಿದರು.

ಬಣ್ಣದ ಮೊದಲ ದಿನವೇ ಎಡವಟ್ಟು. ಟ್ರಕ್ಕಿನ ತಗಡಿಗೆ ಬಣ್ಣ ಹಚ್ಚುವ ಮೊದಲು ತಿನ್ನರಿನಿಂದ ಒರೆಸುತ್ತಾರೆ, ಜಿಡ್ಡು ಹೋಗಲೆಂದು. ಅಭ್ಯಾಸದ ಮೇಲೆ ಭಾವ ಇದನ್ನೂ ಒರೆಸಿದರು. ಪ್ಲಾಸ್ಟಿಕ್ಕು ಬೆಲ್ಲದ ಪಾಕದಂತೆ ಅಂಟಾಗಿ, ಕಾರಿನ ನೆತ್ತಿಯ ಮೇಲೆ ಅವರ ಹೆಬ್ಬೆರಳು ಅಚ್ಚಾಗಿ ಕೂತಿತು. ಅವರು ಬೆರಳನ್ನೂ ಕಾರನ್ನೂ ನೋಡುತ್ತ ಕೂತೇ ಇದ್ದರು. ನನಗೆ ಸೇತುವೆ ನೆನಪಾಯಿತು. ಚಹಾ ಮಾಡಿಕೊಟ್ಟೆ, ಮಾತಾಡಿಸಿದೆ, ಏನೇನೋ ಸುಳ್ಳು ಕೆಲಸ ಹೇಳಿದೆ. ಕೊನೆಗೆ ಅವರು ಮರಳುಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕತೊಡಗಿದರು. ಆಮೇಲೆ ತಿನ್ನರ್ ಮುಟ್ಟಲಿಲ್ಲ. ಎಣ್ಣೆಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ಹಚ್ಚಿದರು. ಅದು ಬೇಗ ಒಣಗುವುದಿಲ್ಲ, ವಾಸನೆಯೂ ಬೇಗ ಹೋಗುವುದಿಲ್ಲ.

ಆ ವಾಸನೆಯೇ ನನ್ನ ಪ್ರಾಣ ತಿಂದಿತು. ಹೊರಗೆ ಕೂತು ಹಚ್ಚೋಣವೆಂದರೆ ಧೂಳು ಕೂರುತ್ತದೆ. ಒಳಗೆ ಹಚ್ಚಿದರೆ ಅಕ್ಕು ಕೆಮ್ಮುತ್ತಾಳೆ. ಕೂಸನ್ನು ಹೊತ್ತು ಓಣಿಯಲ್ಲಿ ಅಲೆದೆ, ನಳದ ಕಟ್ಟೆಯ ಮೇಲೆ ಕೂತೆ, ನೆರೆಮನೆಯ ಹೊಸ್ತಿಲಲ್ಲಿ ಕೂತೆ. ಭಾವ ನಿಲ್ಲಿಸಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಮರುಕ್ಷಣವೇ ಬೇಡ, ನಿಲ್ಲಿಸಿದರೆ ಎಲ್ಲಿಗೆ ಹೋಗುತ್ತಾರೋ ಎಂದು ಬೆವರುತ್ತಿದ್ದೆ. ಒಂದು ದಿನ ತಡೆಯಲಾಗದೆ ಮನೆಯವರಿಗೆ ಅಂದೆ, ನಿಮ್ಮ ಅಣ್ಣನನ್ನು ಉಳಿಸಿಕೊಳ್ಳಲು ನನ್ನ ಮಗಳನ್ನು ಕೊಡಬೇಕೇನು ಎಂದು. ಖೋಲಿ ಸಣ್ಣದು. ಭಾವನಿಗೆ ಕೇಳಿಸಿತು. ಅವರು ಡಬ್ಬಿ ಕಟ್ಟಿಕೊಂಡು ಬಾಗಿಲ ಹೊರಗೆ ಹೋಗಿ, ತಗಡಿನ ಮರೆಯಲ್ಲಿ ಒದ್ದೆ ಧೋತರದ ಪರದೆ ಕಟ್ಟಿ, ಅದರೊಳಗೆ ಕೂತು ಕೆಲಸ ಮುಂದುವರಿಸಿದರು. ಅಂದಿನಿಂದ ನನ್ನ ಕೈಯ ಚಹಾ ಕುಡಿಯುವಾಗ ಅವರು ನೆಲ ನೋಡುತ್ತಿದ್ದರು.

ಕಪ್ಪು ಮೈ ಬಂತು. ಜ್ವಾಲೆ ಬರಲಿಲ್ಲ. ರಟ್ಟಿನ ಮೇಲೆ ಭಾವ ಬರೆದು ನೋಡಿದ್ದೆಲ್ಲ ದೀಪದ ಕುಡಿಗಳೇ. ನೆಟ್ಟಗೆ ಮೇಲೆ ನಿಂತ ಕುಡಿಗಳು, ಸಾಲು ಹಣತೆ ಇಟ್ಟಂತೆ. ಚಂದವೇ ಇದ್ದವು, ಆದರೆ ಕಾರಿಗೆ ಹೊಂದುತ್ತಿರಲಿಲ್ಲ. ಅವರು ಇಷ್ಟು ವರ್ಷ ಯಾವ ಗಾಡಿಗೂ ಬೆಂಕಿ ಬರೆದವರಲ್ಲ. ಡ್ರೈವರುಗಳಿಗೆ ಬೆಂಕಿಯೆಂದರೆ ಸಾವು, ಬರೆಯುತ್ತೇನೆ ಎಂದರೂ ಬರೆಸಿಕೊಳ್ಳುವುದಿಲ್ಲ.

ಒಂದು ಸಂಜೆ ಅತ್ತೆ ಪಕ್ಕದ ಮನೆಯಿಂದ ಹೊತ್ತಿಸಿಕೊಂಡ ದೀಪ ಹಿಡಿದು, ಆರದಂತೆ ಕೈ ಮರೆ ಮಾಡಿ, ಗಡಿಬಿಡಿಯಿಂದ ಬಂದರು. ಕರೆಂಟು ಹೋಗಿತ್ತು, ನಮ್ಮ ಮನೆಯ ಬೆಂಕಿಪೊಟ್ಟಣ ತೋಯ್ದಿತ್ತು. ಭಾವ ಕುಂಚ ಕೆಳಗಿಟ್ಟರು.

"ಅವ್ವಾ, ಹೊಳ್ಳಿ ಹೋಗು. ಮತ್ತ ಹಂಗ ನಡಕೊಂತ ಬಾ."

"ಯಾಕೊ, ನಾ ಏನು ಮದಲಗಿತ್ತಿ ಏನು?" ಎಂದು ಅತ್ತೆ ಬೈದರು, ಆದರೂ ಹೋಗಿ ಬಂದರು. ಭಾವ ಅವರ ಮುಖ ನೋಡಲಿಲ್ಲ. ನಡೆಯುವಾಗ ದೀಪದ ಕುಡಿ ಹಿಂದಕ್ಕೆ ಮಲಗಿ, ತುದಿ ಎರಡಾಗಿ ಸೀಳಿ, ಅತ್ತೆಯ ಎದೆಯ ಕಡೆಗೆ ಎಳೆಯುತ್ತಿತ್ತು. ಅದನ್ನೇ ನೋಡುತ್ತಿದ್ದರು.

ಮರುದಿನದಿಂದ ಜ್ವಾಲೆ ಸರಿಯಾಗಿ ಬಿತ್ತು. ಮೂತಿಯಲ್ಲಿ ಹಳದಿ, ಹಿಂದೆ ಸರಿದಂತೆ ಕಿತ್ತಳೆ, ಬಾಗಿಲ ಮೇಲೆ ತೆಳ್ಳಗೆ ಸೀಳಿ ಹೋಗುವ ಕೆಂಪು ನಾಲಿಗೆಗಳು. ಉದ್ದ ಗೆರೆ ಎಳೆಯಲು ಅವರು ಮಾಡಿದ ಉಪಾಯವನ್ನು ನಾನು ಪರದೆಯ ಸಂದಿಯಿಂದ ಕಂಡೆ. ಕುಂಚ ಹಿಡಿದ ಕೈಯನ್ನು ಮಣೆಯ ಮೇಲೆ ಊರಿ ಕಲ್ಲಿನಂತೆ ಇಟ್ಟುಬಿಡುತ್ತಿದ್ದರು. ಎಡಗೈಯಿಂದ ಕಾರನ್ನು ಅದರ ಕೆಳಗೆ ಮೆಲ್ಲಗೆ ಸರಿಸುತ್ತಿದ್ದರು. ಕಾಲು ಮಾಡುತ್ತಿದ್ದ ಕೆಲಸವನ್ನು ಕಾರೇ ಮಾಡುತ್ತಿತ್ತು.

ಖಂಡೇನವಮಿ ಬಂತು. ಆ ದಿನ ಆಯುಧಗಳ ಪೂಜೆ. ನಮ್ಮ ಮನೆಯವರ ನಟ್ಟು ಬಿಗಿಯುವ ಪಾನಾ, ನನ್ನ ಈಳಿಗೆ, ಭಾವನ ಕುಂಚಗಳು ಎಲ್ಲವನ್ನೂ ಅತ್ತೆ ತೊಳೆದು ಸಾಲಾಗಿ ಇಟ್ಟರು. ಮರುದಿನ ಶೇಠರಲ್ಲಿಗೆ ಹೋಗಬೇಕಾದ ಕಾರನ್ನೂ ತಂದಿಟ್ಟರು. ಅದೂ ಒಂದು ಗಾಡಿಯೇ ತಾನೇ, ಮಗನ ಅನ್ನದ ಗಾಡಿ. ಭಾವ ಸ್ನಾನಕ್ಕೆ ಹೋಗಿದ್ದರು. ಬಣ್ಣ ಇನ್ನೂ ಹಸಿ ಇದೆ, ಕುಂಕುಮ ಹಚ್ಚಬೇಡಿರಿ ಎಂದು ನಾನು ಅಂದೆ. ಅತ್ತೆ ಹಚ್ಚಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟರು. ಒಂದೇ ಚೆಂಡುಹೂವು ಅದರ ಬೆನ್ನ ಮೇಲಿಟ್ಟು, ಎಲ್ಲ ಗಾಡಿಗೆ ಮಾಡುವಂತೆ ಮುಂದೆ ನೆಲದ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿದರು.

ಟ್ರಕ್ಕಾಗಿದ್ದರೆ ಏನೂ ಆಗುತ್ತಿರಲಿಲ್ಲ. ಟ್ರಕ್ಕಿನ ಬಂಪರು ಎಲ್ಲೋ ಮೇಲಿರುತ್ತದೆ, ಕರ್ಪೂರ ಕೆಳಗೆ ಉರಿದು ಆರುತ್ತದೆ. ಈ ಕಾರಿನ ಮೂತಿ ನೆಲದ ಮೇಲೇ ಇತ್ತು. ನಾನು ಅಕ್ಕುವಿನ ಕೈಗೆ ಬೆಲ್ಲ ಕೊಟ್ಟು ತಿರುಗುವುದರೊಳಗೆ ಹಸಿ ಬಣ್ಣ ಹತ್ತಿಕೊಂಡು, ಬಾನೆಟ್ಟು ಹಪ್ಪಳದಂತೆ ಉಬ್ಬಿ, ಮುದುಡಿ, ಕಪ್ಪು ಹೊಗೆ ಬಿಟ್ಟಿತು. ಅತ್ತೆ ಬರಿಗೈಯಿಂದ ಬಡಿದು ಆರಿಸಿದರು. ಅಂಗೈಗೆ ಕರಗಿದ ಪ್ಲಾಸ್ಟಿಕ್ಕು ಅಂಟಿತು.

ಭಾವ ಒದ್ದೆ ಮೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಕೋಲು ಹಿಡಿದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ತಾಯಿಯ ಕೈಯನ್ನು ನೋಡಿದರು, ಆಮೇಲೆ ಕಾರನ್ನು.

"ನಾ ನಿನಗ ಒಳ್ಳೇದಾಗ್ಲಿ ಅಂತ ಮಾಡಿದ್ನೊ ಯಪ್ಪಾ" ಎಂದರು ಅತ್ತೆ.

"ಕೈಗೆ ಕೊಬ್ರಿ ಎಣ್ಣಿ ಹಚ್ಕೊ" ಎಂದರು ಭಾವ. ಅಷ್ಟೇ.

ಆ ದಿನ ನಮ್ಮ ಮನೆಯಲ್ಲಿ ಹೋಳಿಗೆ ಯಾರೂ ಮುಟ್ಟಲಿಲ್ಲ. ಮನೆಯವರು ಪಾಳಿ ಮುಗಿಸಿ ಬಂದು, ಸುಟ್ಟ ಕಾರು ನೋಡಿ, ಇನ್ನು ಇದನ್ನು ಕಸಕ್ಕೆ ಒಗೆಯುವುದು ಒಳ್ಳೆಯದು ಎಂದರು. ಭಾವ ಚಾಕು ಕಾಯಿಸಿ, ಮುದುಡಿದ ಬಾನೆಟ್ಟನ್ನು ಕೊರೆದು ತೆಗೆಯುತ್ತಿದ್ದರು. ಒಳಗಿನ ಪುಟ್ಟ ಇಂಜಿನ್ನು ಹಾಗೇ ಉಳಿದಿತ್ತು. ಬಾಗಿಲ ಮೇಲಿನ ಜ್ವಾಲೆಗಳೂ ಉಳಿದಿದ್ದವು, ಆದರೆ ಅವಕ್ಕೆ ಬುಡ ಇರಲಿಲ್ಲ. ಎಲ್ಲಿಂದಲೋ ಕಡಿದು ತಂದು ಅಂಟಿಸಿದಂತಿದ್ದವು. ನಾಳೆ ಹೋಗುತ್ತೀರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಹೋಗುವುದಿಲ್ಲ ಎಂದರೂ ಭಯ, ಒಬ್ಬರೇ ಹೋಗುತ್ತೇನೆ ಎಂದರೂ ಭಯ. ದಾರಿಯಲ್ಲಿ ರೈಲಿನ ಹಳಿ ಇತ್ತು.

ದಸರೆಯ ಬೆಳಿಗ್ಗೆ ಅವರು ಡಬ್ಬಿ ಬಗಲಲ್ಲಿಟ್ಟು ಎದ್ದಾಗ, ಅಕ್ಕುವನ್ನು ಕ್ಯಾಂಪಿನ ಡಾಕ್ಟರಿಗೆ ತೋರಿಸಬೇಕೆಂದು ಸುಳ್ಳು ಹೇಳಿ ನಾನೂ ಹೊರಟೆ. ಹಬ್ಬದ ದಿನ ಯಾವ ಡಾಕ್ಟರ್ ಇರುತ್ತಾನೆ ಎಂದು ಯಾರೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಬರುವವರೆಗೂ ನಾನು ಅವರಿಗೂ ಹಳಿಗೂ ನಡುವೆ ನಿಂತಿದ್ದೆ. ಅವರಿಗೆ ತಿಳಿಯದೆ ಇರಲಿಲ್ಲ.

"ಹಿಂದ ಸರದು ನಿಂದ್ರು ಲೀಲಾ. ಕೂಸು ಅದ" ಎಂದರು.

ಗ್ಯಾರೇಜಿನ ಬಾಗಿಲಿಗೆ ಚೆಂಡುಹೂವಿನ ಮಾಲೆ ಇತ್ತು. ಆಳುಗಳಿಗೆ ರಜೆ. ಸೋರಾಬ್ ಶೇಠರು ದಪ್ಪ ಕನ್ನಡಕ ಹಾಕಿಕೊಂಡು ತಮ್ಮ ದೊಡ್ಡ ಕಾರಿನ ಹತ್ತಿರ ಒಬ್ಬರೇ ಕೂತಿದ್ದರು. ಭಾವ ಕೊಟ್ಟ ಸಣ್ಣ ಕಾರನ್ನು ಮೊದಲು ಮಗುಚಿ ಹಾಕಿ, ಚಕ್ರ ಕೂಡಿಸಿದ್ದನ್ನು ಬಹಳ ಹೊತ್ತು ನೋಡಿದರು. ನೇರ ಮಾಡಿ ಬಾಗಿಲ ಮೇಲಿನ ಜ್ವಾಲೆಯನ್ನು ಬೆಳಕಿಗೆ ಹಿಡಿದರು. ಕೊನೆಗೆ ಬಾನೆಟ್ಟು ಎಲ್ಲಿ ಎಂದು ಕೇಳಿದರು. ಇಂಜಿನ್ನು ಕಾಣಲೆಂದು ಬಿಟ್ಟಿದ್ದೇನೆ ಅನ್ನಿರಿ ಎಂದು ನಾನು ಕನ್ನಡದಲ್ಲಿ ಮೆಲ್ಲಗೆ ಅಂದೆ. ಭಾವ ಕೇಳಿಸದವರಂತೆ ಹಿಂದಿಯಲ್ಲಿ ಇದ್ದದ್ದನ್ನೇ ಹೇಳಿದರು. ಸುಟ್ಟುಹೋಯಿತು, ನಮ್ಮ ತಾಯಿ ಗಾಡಿಯ ಪೂಜೆ ಮಾಡಿದಳು.

ಶೇಠರು ಕನ್ನಡಕ ತೆಗೆದರು. "ನಾನು ಬೆಂಕಿ ಬರೆ ಅಂದಿದ್ದೆ. ಹಚ್ಚು ಅಂದಿರಲಿಲ್ಲ" ಎಂದರು. ಅವರ ತುಟಿ ಅಲುಗಿತು, ನಗು ಪೂರಾ ಬರಲಿಲ್ಲ. ಯಾಕೆಂದರೆ ಅವರು ಭಾವನ ಕೋಲನ್ನು ನೋಡುತ್ತಿದ್ದರು. ಕೈ ಚೆನ್ನಾಗಿದೆ, ಅದರಲ್ಲಿ ಮಾತಿಲ್ಲ ಎಂದರು. ಆದರೆ ಸಣ್ಣದನ್ನು ನೀನು ಮಣೆಯ ಮೇಲಿಟ್ಟು ಸರಿಸಿದ್ದೀಯ, ಗೆರೆ ನೋಡಿದರೇ ತಿಳಿಯುತ್ತದೆ. ನನ್ನ ಕಾರನ್ನು ಹೇಗೆ ಸರಿಸುತ್ತೀಯ? ಇದರ ಜೊತೆ ನಡೆಯುವ ಮನುಷ್ಯ ನನಗೆ ಬೇಕು.

ಬರುವಾಗ ನೋಡಿದ ಹಳಿ ಕಣ್ಣ ಮುಂದೆ ಬಂತು, ಹೋಗುವಾಗಲೂ ಅದೇ ಹಳಿ. ಶೇಠರ ಕಾಲು ಹಿಡಿಯಲೇ ಎಂದುಕೊಂಡೆ. ಕಂಕುಳಲ್ಲಿ ಕೂಸು, ಬಗ್ಗುವುದಾದರೂ ಹೇಗೆ?

ಗ್ಯಾರೇಜಿನ ಗೋಡೆಗೆ ಒಂದು ಹಲಗೆ ಒರಗಿಸಿದ್ದರು. ಕೆಳಗೆ ನಾಲ್ಕು ಸಣ್ಣ ಚಕ್ರ. ಮಿಸ್ತ್ರಿಗಳು ಅದರ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಜಾರುತ್ತಾರೆ. ಭಾವ ಕೋಲಿನಿಂದ ಅದನ್ನು ಎಳೆದುಕೊಂಡು ಕಾರಿನ ಮೂತಿಯ ಹತ್ತಿರ ಬೀಳಿಸಿದರು. ಕಷ್ಟಪಟ್ಟು, ಗೋಡೆ ಹಿಡಿದು, ಅದರ ಮೇಲೆ ಕೂತರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿದು, ತುದಿಯನ್ನು ಕಾರಿನ ಮೈಗೆ ಮುಟ್ಟಿಸಿದರು.

"ಲೀಲಾ, ನೂಕು."

ನಾನು ಅವರೆದುರು ಸೆರಗು ಸರಿಮಾಡಿಕೊಳ್ಳದೆ ಮಾತಾಡಿದವಳಲ್ಲ. ಅಷ್ಟು ಹತ್ತಿರ ಎಂದೂ ನಿಂತವಳಲ್ಲ. ಅಕ್ಕುವನ್ನು ಎಡಗಂಕುಳಿಗೆ ಏರಿಸಿ, ಬಗ್ಗಿ, ಹಲಗೆಯ ಹಿಂಬದಿಗೆ ಒಂದು ಕೈ ಹಚ್ಚಿದೆ.

"ಹಗೂರಕ. ನಿಂದ್ರಬ್ಯಾಡ. ಏನಾದ್ರೂ ನಿಂದ್ರಬ್ಯಾಡ."

ಹಲಗೆ ಸರಿಯಿತು. ಬಿಳಿ ಗೆರೆ ಮೂತಿಯಿಂದ ಎದ್ದು ಬಾನೆಟ್ಟಿನ ಅಂಚಿಗೆ ಬಂತು. ನನ್ನ ಸೊಂಟ ನಡುಗುತ್ತಿತ್ತು. ನನ್ನ ನಡುಕ ಅವರ ಗೆರೆಗೆ ಇಳಿಯುತ್ತದೆ ಎಂದು ಉಸಿರು ಕಟ್ಟಿದೆ. ಮುಂದಿನ ಚಕ್ರ ದಾಟಿತು. ಅಲ್ಲಿ ಅಕ್ಕು ಕೆಮ್ಮಿದಳು. ಒಂದೇ ಸಲವಲ್ಲ, ಆ ಉಸಿರು ಸಿಗದ ಕೆಮ್ಮು. ನನ್ನ ಕೈ ತಾನಾಗಿ ನಿಂತುಬಿಟ್ಟಿತು. ಸೀಮೆಸುಣ್ಣ ಕುಕ್ಕಿ, ಗೆರೆ ಸೊಟ್ಟಗೆ ಮೇಲೆ ಹಾರಿತು.

ಮುಗಿಯಿತು ಎಂದುಕೊಂಡೆ. ಕೂಸಿನ ಬೆನ್ನು ತಟ್ಟುತ್ತ ನಾನು ಅಳುತ್ತಿದ್ದೆ. ಭಾವ ತಿರುಗಿ ನೋಡಲಿಲ್ಲ, ಸೀಮೆಸುಣ್ಣವನ್ನೂ ಎತ್ತಲಿಲ್ಲ.

"ಕೂಸಿಗೆ ಆರಾಮ ಆಗ್ಲಿ. ಆಮ್ಯಾಲ ನೂಕು" ಎಂದರು.

ಕೆಮ್ಮು ಇಳಿಯಿತು. ನೂಕಿದೆ. ಹಾರಿದ ತುದಿಯಿಂದಲೇ ಅವರು ಗೆರೆಯನ್ನು ಹಿಂದಕ್ಕೆ ಬಾಗಿಸಿ, ಕೆಳಗೆ ಎಳೆದು, ಸೊಟ್ಟ ಬಿದ್ದದ್ದನ್ನು ಒಂದು ಸೀಳು ನಾಲಿಗೆ ಮಾಡಿಕೊಂಡು ಬಾಗಿಲ ಕೊನೆಯವರೆಗೆ ಹೋದರು. ಅತ್ತೆಯ ಕೈಯ ದೀಪ ಹಾಗೇ ಸೀಳಿತ್ತು.

ಶೇಠರು ದೂರ ಹೋಗಿ ನಿಂತು ನೋಡಿದರು. ಸೊಟ್ಟ ಬಿದ್ದ ಜಾಗವನ್ನು ಬೆರಳಿನಿಂದ ತೋರಿಸಿ, ಇನ್ನೊಂದು ಬದಿಗೂ ಇದು ಹೀಗೇ ಬರಬೇಕು ಎಂದರು. ಆಮೇಲೆ ಗ್ಯಾರೇಜಿನ ಹಿಂದಿನ ಖೋಲಿಯ ಕೀಲಿಕೈಯನ್ನು ಮೊಳೆಯಿಂದ ತೆಗೆದರು.

ಭಾವ ಅಲ್ಲಿ ಇದ್ದು ದುಡಿದರು. ದಿನವೂ ನೂಕಲು ಯಾರಿದ್ದಾರೆ? ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಎಡಗೈಯಿಂದ ಹಗ್ಗ ಎಳೆಯುತ್ತ ಹಲಗೆಯನ್ನು ತಾವೇ ಸಾಗಿಸುವುದನ್ನು ಕಲಿತರು. ಶೇಠರ ಕಾರು ಕ್ಯಾಂಪಿನಲ್ಲಿ ಹೊರಬಿದ್ದ ದಿನ ಜನ ನಿಂತು ನೋಡಿದರಂತೆ. ನಾನು ನೋಡಲಿಲ್ಲ, ಅಕ್ಕುವಿಗೆ ಜ್ವರ ಇತ್ತು. ನಮ್ಮ ಖೋಲಿಯಲ್ಲಿ ವಾಸನೆ ಹೋಯಿತು. ಕೆಮ್ಮು ಮಾತ್ರ ಪೂರಾ ಹೋಗಲಿಲ್ಲ. ಅದು ಬಣ್ಣದಿಂದ ಬಂದದ್ದಲ್ಲವೆಂದು ಆಮೇಲೆ ಡಾಕ್ಟರು ಹೇಳಿದರು. ಭಾವ ಮಲಗುತ್ತಿದ್ದ ಮೂಲೆಯಲ್ಲಿ ಈಗ ಅಕ್ಕುವಿನ ಹಾಸಿಗೆ.

ಬಾನೆಟ್ಟಿಲ್ಲದ ಸಣ್ಣ ಕಾರನ್ನು ಶೇಠರು ಭಾವನಿಗೇ ಕೊಟ್ಟರು, ಭಾವ ತಾಯಿಗೆ ಕೊಟ್ಟರು. ಅದು ನಮ್ಮ ದೇವರ ಗೂಡಿನ ಕೆಳಗಿದೆ. ಖಂಡೇನವಮಿಗೆ ಅತ್ತೆ ಅದರ ಬೆನ್ನಿಗೊಂದು ಹೂವು ಇಡುತ್ತಾರೆ. ಕರ್ಪೂರವನ್ನು ಮಾತ್ರ ಬಾಗಿಲ ಹೊರಗೆ, ಅಂಗಳದಲ್ಲಿ ಹಚ್ಚಿ, ಅಲ್ಲಿಂದಲೇ ಕೈ ಮುಗಿಯುತ್ತಾರೆ. ಅಂಗೈಯ ಸುಟ್ಟ ಕಲೆ ಆಗ ಕಾಣುತ್ತದೆ.